ಮೂರನೇ ಬೇಸ್‌ನಲ್ಲಿ ಜಾರುವುದು, ಟ್ಯಾಗ್ ಮಾಡುವುದು: ಹಳೆಯ ಬೇಸ್‌ಬಾಲ್ ಪದ್ಧತಿಯ ಸಮಗ್ರ ಮಾರ್ಗದರ್ಶಿ

ಹಳೆಯ ನಿಯಮಗಳ ಬೇಸ್‌ಬಾಲ್ ಆಡಲು ಹೊರಟವರಿಗೆ ಮೊದಲನೇ ಬೇಸ್ (ಓಟಗಾರ ಸರದಿಯಂತೆ ಮುಟ್ಟಬೇಕಾದ ತಾಣಗಳಲ್ಲಿ ಒಂದು) ಬೇಗ ಒಲಿಯುತ್ತದೆ. ಮೂರನೆಯದು ಮಾತ್ರ ಕೈಕೊಡುತ್ತಲೇ ಇರುತ್ತದೆ. ಓಡಿ ಬರುವವನು ಚೆಂಡು ಯಾವ ಕಡೆಯಿಂದ ಬರುತ್ತಿದೆಯೋ ಅದೇ ಕಡೆಗೆ ಜಾರಿ ಸಿಕ್ಕಿಬೀಳುತ್ತಾನೆ. ಇಲ್ಲವೇ ಬ್ಯಾಗ್ (ಬೇಸ್ ಗುರುತಿಗೆ ಇಟ್ಟ ಚೀಲ) ಮುಟ್ಟಿದ ಮೇಲೂ ವೇಗ ತಡೆಯಲಾಗದೆ ಅದನ್ನು ದಾಟಿಹೋಗಿ ಔಟಾಗುತ್ತಾನೆ. ಚೆಂಡು ಹಿಡಿದು ನಿಂತವನು ಟ್ಯಾಗ್ ಮಾಡಲು, ಅಂದರೆ ಚೆಂಡನ್ನು ಓಟಗಾರನ ಮೈಗೆ ತಾಗಿಸಲು, ಅವನನ್ನು ಹುಡುಕಿಕೊಂಡು ಕೈಚಾಚುತ್ತಾನೆ. ಅಷ್ಟರಲ್ಲಿ ಓಟಗಾರನ ಕಾಲು ಬ್ಯಾಗ್ ಸೇರಿರುತ್ತದೆ, ಕೆಲವೊಮ್ಮೆ ಚಾಚಿದ ಕೈಗೆ ಗಾಯವೂ ಆಗಿರುತ್ತದೆ.

ಈ ತಪ್ಪುಗಳಿಗೆಲ್ಲ ಬೇರು ಒಂದೇ. ಮೂರನೇ ಬೇಸ್‌ನಲ್ಲಿ ಸೇಫೋ ಔಟೋ ಎಂಬುದು ಮಣ್ಣು ಹಾರುವ ಕ್ಷಣದಲ್ಲಲ್ಲ, ಅದಕ್ಕೂ ಎರಡು ಮೂರು ಹೆಜ್ಜೆ ಮುಂಚೆ ತೀರ್ಮಾನವಾಗುತ್ತದೆ. ಓಟಗಾರ ಎದುರಾಳಿಯ ಕಾಲುಗಳು ಎಲ್ಲಿವೆ ಎಂದು ನೋಡಿದ್ದಾನೋ ಇಲ್ಲವೋ, ಟ್ಯಾಗ್ ಮಾಡುವವನು ತನ್ನ ಕಾಲುಗಳನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದಾನೋ ಇಲ್ಲವೋ, ಎಲ್ಲವೂ ಅದರ ಮೇಲೆ ನಿಂತಿದೆ. ಆದ್ದರಿಂದ ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಹುಕ್ ಸ್ಲೈಡ್ (ಮೈಯನ್ನು ಬದಿಗೆ ಒಯ್ದು ಒಂದು ಪಾದವನ್ನು ಮಾತ್ರ ಬ್ಯಾಗ್‌ಗೆ ಸಿಕ್ಕಿಸುವ ಜಾರುವಿಕೆ) ನೋಡಲು ಚೆಂದ ಎಂದು ಅದರಿಂದಲೇ ಶುರು ಮಾಡಿದವರು ಪಾದದ ಗಂಟು ಉಳುಕಿಸಿಕೊಂಡು ಕೂರುತ್ತಾರೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ 1880ರ ದಶಕದಿಂದ 1910ರ ದಶಕದವರೆಗೆ ಅಮೆರಿಕದ ಮೈದಾನಗಳಲ್ಲಿ ರೂಢಿಯಲ್ಲಿದ್ದ ವಿಧಾನ. ಅಮೆರಿಕದಲ್ಲಿ ಇಂದಿಗೂ ಆ ಕಾಲದ ನಿಯಮಗಳಂತೆ ವಿಂಟೇಜ್ ಬೇಸ್‌ಬಾಲ್ ಆಡುವ ತಂಡಗಳಿವೆ. ಅಂಥ ತಂಡ ಸೇರಿದವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಸಾಫ್ಟ್‌ಬಾಲ್ ಆಡುವವರಿಗೂ ಕಾಲಿನ ಕೆಲಸ ಬಹುಪಾಲು ಇದೇ. ಬೇಸ್‌ಗಳ ನಡುವಿನ ಅಂತರ ಮಾತ್ರ ಕಡಿಮೆ.

## ಮೊದಲು ನೆಲದ ಲೆಕ್ಕ

ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಈ ಅಳತೆ 1857ರಲ್ಲೇ ನಿಗದಿಯಾಯಿತು. ಮೂರನೇ ಬೇಸ್‌ನ ಬ್ಯಾಗ್ 15 ಇಂಚು ಚದರದ, ಒಳಗೆ ಮೆತ್ತನೆಯ ವಸ್ತು ತುಂಬಿದ ಕ್ಯಾನ್ವಾಸ್ ಚೀಲ. ಪಟ್ಟಿಯಿಂದ ನೆಲದ ಗೂಟಕ್ಕೆ ಕಟ್ಟಿರುತ್ತಿದ್ದರು. 1887ರಲ್ಲಿ ಮೊದಲನೇ ಮತ್ತು ಮೂರನೇ ಬೇಸ್‌ಗಳನ್ನು ಫೌಲ್ ಗೆರೆಯ (ಆಟದ ನೆಲದ ಬದಿಯ ಗಡಿ) ಒಳಗೆ ಪೂರ್ತಿಯಾಗಿ ಸರಿಸಿದರು. ಅದಕ್ಕಿಂತ ಹಿಂದಿನ ವರ್ಷದ ನಿಯಮದಲ್ಲಿ ಆಡುತ್ತಿದ್ದರೆ ಬ್ಯಾಗ್ ಗೆರೆಯ ಮೇಲೇ ಕೂತಿರುತ್ತದೆ, ಅರ್ಧ ಹೊರಗೆ ಚಾಚಿರುತ್ತದೆ. ಕಾಲು ಎಲ್ಲಿಡಬೇಕು ಎಂಬುದು ಇದರಿಂದ ಬದಲಾಗುತ್ತದೆ. ಯಾವ ವರ್ಷದ ನಿಯಮ ಎಂದು ಪಂದ್ಯಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಎರಡನೇ ಬೇಸ್‌ನಿಂದ ಓಡಿಬರುವಾಗ ನಿಮ್ಮ ಎಡಕ್ಕೆ ಪಿಚರ್ (ಬ್ಯಾಟು ಬೀಸುವವನಿಗೆ ಚೆಂಡು ಎಸೆಯುವವನು), ಹೋಮ್ ಪ್ಲೇಟ್ (ಬ್ಯಾಟು ಬೀಸುವ ಜಾಗ), ಕ್ಯಾಚರ್ (ಅದರ ಹಿಂದೆ ಚೆಂಡು ಹಿಡಿಯುವವನು). ಬಲಕ್ಕೆ ಔಟ್‌ಫೀಲ್ಡ್‌ನ ಎಡಭಾಗ, ಅಂದರೆ ಲೆಫ್ಟ್ ಫೀಲ್ಡ್. ಬ್ಯಾಗ್‌ನ ಆಚೆ ಫೌಲ್ ನೆಲ. ಇದನ್ನು ಕಾಗದದ ಮೇಲೆ ಒಮ್ಮೆ ಬರೆದು ನೋಡಿ. ಮುಂದಿನ ಎಲ್ಲ ಸೂಚನೆಗಳೂ ಈ ಎಡ-ಬಲದ ಮೇಲೆಯೇ ನಿಂತಿವೆ.

ಕ್ಯಾಚರ್ ಎರಡನೇ ಬೇಸ್‌ಗೆ ಎಸೆಯಬೇಕಾದ ದೂರ 127 ಅಡಿಗೂ ತುಸು ಹೆಚ್ಚು. ಮೂರನೆಯದಕ್ಕೆ ಬರೀ 90 ಅಡಿ. ಇಲ್ಲಿ ಚೆಂಡು ಓಟಗಾರನಿಗಿಂತ ಮುಂಚೆ ಬಂದು ಕೂರುವುದು ಸಾಮಾನ್ಯ. ವೇಗದಿಂದ ಗೆಲ್ಲಲಾಗದ ಸಂದರ್ಭವೇ ಹೆಚ್ಚಾದ್ದರಿಂದ ದೇಹವನ್ನು ಚೆಂಡಿನಿಂದ ದೂರ ಒಯ್ಯುವ ವಿದ್ಯೆ ಇಲ್ಲಿ ಬೆಳೆಯಿತು.

ಮೊದಲನೇ ಬೇಸ್‌ನಲ್ಲಿ ಮುಟ್ಟಿ ದಾಟಿ ಓಡಬಹುದು, ಮೂರನೆಯದರಲ್ಲಿ ಆ ರಿಯಾಯಿತಿ ಇಲ್ಲ. ಬ್ಯಾಗ್‌ನಿಂದ ಒಂದು ಇಂಚು ಕಳಚಿಕೊಂಡರೂ ಚೆಂಡು ಮೈಗೆ ತಾಗಿದರೆ ಔಟ್. ಕ್ರಿಕೆಟ್‌ನಲ್ಲಿ ಗೆರೆ ದಾಟಿದ ಮೇಲೆ ಓಡುತ್ತಲೇ ಹೋಗಬಹುದು ಎಂಬ ಅಭ್ಯಾಸ ಕಾಲಿಗೆ ಹತ್ತಿದವರು ಇಲ್ಲಿ ಪದೇ ಪದೇ ಸೋಲುತ್ತಾರೆ.

## ಬೇಕಾದ ಸಾಮಾನು

ಅಭ್ಯಾಸಕ್ಕೆ ಮೊದಲು ಬೇಕಾದದ್ದು ಸರಿಯಾದ ನೆಲ. ದಟ್ಟ ಹುಲ್ಲಿಗೆ ಚೆನ್ನಾಗಿ ನೀರು ಹಾಯಿಸಿ ಅಥವಾ ಒಂದು ಅಡಿ ಆಳಕ್ಕೆ ಅಗೆದು ಮರಳು ತುಂಬಿದ ಗುಂಡಿ ಮಾಡಿಕೊಳ್ಳಿ. ಒಣಗಿದ ಗಟ್ಟಿ ಮಣ್ಣಿನ ಮೇಲೆ ಶುರು ಮಾಡಲೇಬಾರದು.

ದಪ್ಪ ಬಟ್ಟೆಯ ಉದ್ದ ಪ್ಯಾಂಟು, ಮಂಡಿಯವರೆಗಿನ ಕಾಲುಚೀಲ ಬೇಕು. ಹಳೆಯ ಆಟಗಾರರು ಉಣ್ಣೆಯ ಫ್ಲಾನೆಲ್ ಸಮವಸ್ತ್ರದ ಒಳಗೆ ಸೊಂಟದ ಎರಡೂ ಬದಿಗೆ ಹತ್ತಿ ತುಂಬಿ ಹೊಲಿದ ಪ್ಯಾಡ್ ಕಟ್ಟಿಕೊಳ್ಳುತ್ತಿದ್ದರು. ಇದನ್ನು ಮೊದಲು ಬಳಸಿದವರು ಹ್ಯಾರಿ ಸ್ಟೋವಿ ಎಂಬ ಆಟಗಾರ ಎಂದು ಹೇಳುತ್ತಾರೆ. ಹಳೆಯ ಕಂಬಳಿಯ ಎರಡು ತುಂಡುಗಳನ್ನು ಮಡಿಸಿ ಹೊಲಿದುಕೊಂಡರೂ ಸಾಕು. ಪ್ಯಾಡ್ ಇಲ್ಲದೆ ಎರಡು ದಿನ ಅಭ್ಯಾಸ ಮಾಡಿದರೆ ತೊಡೆಯ ಹೊರಬದಿ ತರಚಿ ಹಸಿಗಾಯವಾಗುತ್ತದೆ. ಆಮೇಲೆ ಆ ಬದಿಗೆ ಬೀಳಲು ಮನಸ್ಸೇ ಬರುವುದಿಲ್ಲ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಮೊದಲ ವಾರ ಶೂ ಬೇಡ, ಕಾಲುಚೀಲದಲ್ಲೇ ಜಾರಿ. ಆಗಿನವರ ಶೂಗಳ ಅಡಿಗೆ ಮುಂಗಾಲಿನಲ್ಲೂ ಹಿಮ್ಮಡಿಯಲ್ಲೂ ಲೋಹದ ಸ್ಪೈಕ್ ಇರುತ್ತಿತ್ತು. ನೀವು ಲೋಹದ ಸ್ಪೈಕ್ ಹಾಕುವ ಅಗತ್ಯವಿಲ್ಲ. ಬ್ಯಾಗ್ ಬದಲಿಗೆ 15 ಇಂಚು ಚದರದ, ನೆಲಕ್ಕೆ ಬಿಗಿಯದ ಚೀಲ ಇಡಿ. ಕಾಲು ಜೋರಾಗಿ ತಾಗಿದರೆ ಅದು ಸರಿದುಹೋಗಬೇಕು.

ಗ್ಲೌಸ್ ವಿಚಾರದಲ್ಲಿ ಕಾಲವನ್ನು ನೋಡಿ. 1895ರ ನಿಯಮದಂತೆ ಕ್ಯಾಚರ್ ಮತ್ತು ಮೊದಲನೇ ಬೇಸ್‌ನ ಆಟಗಾರರನ್ನು ಬಿಟ್ಟು ಉಳಿದವರ ಗ್ಲೌಸ್ 10 ಔನ್ಸ್ ತೂಕ, 14 ಇಂಚು ಸುತ್ತಳತೆ ಮೀರುವಂತಿರಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಂದಿನಂಥ ಬಲೆ ಇರುತ್ತಿರಲಿಲ್ಲ. ಜೆರಿ ಡೆನ್ನಿ ಎಂಬ ಮೂರನೇ ಬೇಸ್‌ನ ಆಟಗಾರ 1894ರಲ್ಲಿ ಆಟ ಮುಗಿಸುವವರೆಗೂ ಬರಿಗೈಯಲ್ಲೇ ಆಡಿದ. ಇಂದಿನ ದೊಡ್ಡ ಗ್ಲೌಸ್‌ನಲ್ಲಿ ಅಭ್ಯಾಸ ಮಾಡಿ ಪಂದ್ಯದ ದಿನ ಸಣ್ಣದನ್ನು ಹಾಕಿದರೆ ಚೆಂಡು ಜಾರುವುದು ಖಚಿತ.

# ಭಾಗ ಒಂದು: ಓಟಗಾರನಿಗೆ

## ಹಂತ 1. ಬೀಳುವುದನ್ನು ನಿಂತಲ್ಲೇ ಕಲಿಯಿರಿ

ಹುಲ್ಲಿನ ಮೇಲೆ ಯೋಚಿಸದೆ ಒಂದು ಕಾಲು ಮಡಿಸಿ ಕುಳಿತುಕೊಳ್ಳಿ. ಯಾವ ಕಾಲು ತಾನಾಗಿ ಅಡಿಗೆ ಹೋಯಿತೋ ಅದೇ ನಿಮ್ಮ ಮಡಿಸುವ ಕಾಲು. ಇನ್ನೊಂದನ್ನು ಮುಂದಕ್ಕೆ ಚಾಚಿ, ಮಂಡಿ ತುಸು ಸಡಿಲವಾಗಿರಲಿ, ಹಿಮ್ಮಡಿ ನೆಲದಿಂದ ಒಂದು ಗೇಣು ಮೇಲಿರಲಿ. ಮೇಲಿನಿಂದ ನೋಡಿದರೆ ಎರಡು ಕಾಲೂ ಸೇರಿ 4 ಎಂಬ ಇಂಗ್ಲಿಷ್ ಅಂಕಿಯಂತೆ ಕಾಣಬೇಕು.

ಭಾರ ಬೀಳಬೇಕಾದದ್ದು ಮಡಿಸಿದ ಕಾಲಿನ ಹೊರತೊಡೆ ಮತ್ತು ಪೃಷ್ಠದ ಮೇಲೆ. ಮಂಡಿಯ ಮೇಲೆ ಅಲ್ಲ. ಬೆನ್ನು ಹಿಂದಕ್ಕೆ ವಾಲಲಿ, ಗಲ್ಲ ಎದೆಗೆ ತಾಗಿರಲಿ. ಗಲ್ಲ ಮೇಲೆತ್ತಿದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ.

ಕೈಗಳದ್ದೇ ದೊಡ್ಡ ತೊಂದರೆ. ಬೀಳುವಾಗ ಅಂಗೈ ಊರುವುದು ಮನುಷ್ಯನ ಸ್ವಭಾವ. ಆದರೆ ವೇಗದಲ್ಲಿ ಅಂಗೈ ಊರಿದರೆ ಮಣಿಕಟ್ಟು ಮುರಿಯುತ್ತದೆ. ಇದಕ್ಕೆ ಹಳೆಯ ಉಪಾಯವೊಂದಿದೆ: ಎರಡೂ ಮುಷ್ಟಿಯಲ್ಲಿ ಸ್ವಲ್ಪ ಮಣ್ಣು ಅಥವಾ ಹುಲ್ಲು ಹಿಡಿದು ಓಡುವುದು. ಮುಷ್ಟಿ ಬಿಚ್ಚಬಾರದು ಎಂದುಕೊಂಡರೆ ಕೈ ತಾನಾಗಿ ಮೇಲೆ ಉಳಿಯುತ್ತದೆ. ಅಭ್ಯಾಸ ಮುಗಿದಾಗ ಮಣ್ಣು ಮುಷ್ಟಿಯಲ್ಲೇ ಇದ್ದರೆ ಕಲಿತಿರಿ ಎಂದರ್ಥ.

## ಹಂತ 2. ಓಡಿಬಂದು ನೇರವಾಗಿ ಜಾರುವುದು

ಮೊದಲು ಅರ್ಧ ವೇಗ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಬ್ಯಾಗ್‌ಗೆ 8ರಿಂದ 10 ಅಡಿ ಇರುವಾಗ ಕೆಳಗಿಳಿಯಿರಿ. ಆ ಜಾಗಕ್ಕೆ ಸುಣ್ಣದ ಗೆರೆ ಎಳೆದಿಡಿ. ಅಂದಾಜಿಗೆ ಬಿಟ್ಟರೆ ಹೊಸಬರು ತಡವಾಗಿಯೇ ಇಳಿಯುತ್ತಾರೆ.

ತಡವಾಗಿ ಇಳಿಯುವುದು ಎಲ್ಲಕ್ಕಿಂತ ಅಪಾಯದ ತಪ್ಪು. ಜಾರುವ ಮುಂಚೆಯೇ ಪಾದ ಬ್ಯಾಗ್‌ಗೆ ಗುದ್ದಿ ಪಾದದ ಗಂಟು ತಿರುಗುತ್ತದೆ. ಬೇಗ ಇಳಿದರೆ ಬ್ಯಾಗ್ ಮುಟ್ಟುವ ಮೊದಲೇ ನಿಂತು ಔಟಾಗುತ್ತೀರಿ, ಅಷ್ಟೆ. ಕಲಿಯುವಾಗ ಬೇಗ ಇಳಿಯುವ ಕಡೆಗೇ ತಪ್ಪು ಮಾಡಿ.

ಎಗರಬೇಡಿ. ಎಗರಿದರೆ ಮೇಲಿಂದ ಕೆಳಗೆ ಬೀಳುತ್ತೀರಿ, ವೇಗ ನೆಲಕ್ಕೆ ಹೋಗುತ್ತದೆ, ಸೊಂಟ ನೋಯುತ್ತದೆ. ಓಡುತ್ತಿರುವಾಗಲೇ ಮಂಡಿ ಬಗ್ಗಿಸಿ ಸೊಂಟ ತಗ್ಗಿಸಿ ಕೂರುವಂತೆ ಇಳಿಯಬೇಕು. ಸರಿಯಾಗಿ ಜಾರಿದರೆ ನೆಲದಲ್ಲಿ ಒಂದೇ ಉದ್ದ ಗುರುತು ಬೀಳುತ್ತದೆ. ಗುಂಡಿ ಬಿದ್ದು ಆಮೇಲೆ ಗುರುತು ಶುರುವಾಗಿದ್ದರೆ ಎಗರಿದ್ದೀರಿ.

ಇನ್ನೊಂದು ಕಟ್ಟುನಿಟ್ಟಿನ ಮಾತು: ಜಾರಲು ಹೊರಟ ಮೇಲೆ ಮನಸ್ಸು ಬದಲಿಸಬಾರದು. ಅರ್ಧ ಇಳಿದು ಮತ್ತೆ ನಿಲ್ಲಲು ಹೋದಾಗಲೇ ಸ್ಪೈಕ್ ನೆಲಕ್ಕೆ ಕಚ್ಚಿ ಕಾಲು ಮುರಿಯುವುದು. ಜಾರಬೇಕೇ ಬೇಡವೇ ಎಂಬ ಅನುಮಾನ ಬಂದರೆ ಜಾರಿಬಿಡಿ.

ನೇರ ಸ್ಲೈಡ್ ಇಪ್ಪತ್ತು ಸಲ ಸರಿಯಾಗಿ ಬಂದ ಮೇಲೆ ಮುಂದಿನ ಹಂತಕ್ಕೆ ಹೋಗಿ.

## ಹಂತ 3. ಚೆಂಡು ನೋಡಬೇಡಿ, ಎದುರಿನವನನ್ನು ನೋಡಿ

ಹೆಚ್ಚಿನವರು ಸೋಲುವುದು ಇಲ್ಲಿ. ಓಡುತ್ತಾ ಹಿಂದಿರುಗಿ ಚೆಂಡು ಹುಡುಕಿದರೆ ಒಂದು ಹೆಜ್ಜೆ ಹೋಯಿತು, ಜೊತೆಗೆ ದಿಕ್ಕೂ ತಪ್ಪಿತು. ಚೆಂಡು ಎಲ್ಲಿಂದ ಬರುತ್ತಿದೆ ಎಂಬುದು ಮೂರನೇ ಬೇಸ್‌ನ ಆಟಗಾರನ ಕಣ್ಣಲ್ಲಿ, ಕೈಯಲ್ಲಿ, ಕಾಲಲ್ಲಿ ಬರೆದಿರುತ್ತದೆ. ಡೆಟ್ರಾಯ್ಟ್ ತಂಡದ ಆಟಗಾರ ಟೈ ಕಾಬ್ ಇದನ್ನು ಓದುವುದರಲ್ಲಿ ಎತ್ತಿದ ಕೈ.

ಬ್ಯಾಗ್‌ಗೆ ಸುಮಾರು 30 ಅಡಿ ಇರುವಾಗ ಅವನ ಪಾದಗಳನ್ನು ನೋಡಿ. 20 ಅಡಿಗೆ ಬಂದಾಗ ಗ್ಲೌಸ್ ಯಾವ ಕಡೆ ಸರಿಯುತ್ತಿದೆ ನೋಡಿ. ಅದರ ಎದುರು ಬದಿಗೆ ಜಾರಲು ತೀರ್ಮಾನಿಸಿ.

ಕ್ಯಾಚರ್ ಅಥವಾ ಪಿಚರ್ ಎಸೆದರೆ ಚೆಂಡು ನಿಮ್ಮ ಎಡದಿಂದ ಬರುತ್ತದೆ, ಆಗ ಬಲಕ್ಕೆ, ಔಟ್‌ಫೀಲ್ಡ್ ಕಡೆಗೆ ಜಾರಿ. ಲೆಫ್ಟ್ ಫೀಲ್ಡ್‌ನಿಂದ ಬಂದರೆ ಎಡಕ್ಕೆ. ಸೆಂಟರ್ ಫೀಲ್ಡ್‌ನಿಂದ ಚೆಂಡು ನಿಮ್ಮ ಬೆನ್ನ ಹಿಂದೆ ಬಲದಿಂದ ಬರುತ್ತದೆ, ಆಗಲೂ ಸಾಮಾನ್ಯವಾಗಿ ಎಡಕ್ಕೆ. ರೈಟ್ ಫೀಲ್ಡ್‌ನ ಎಸೆತ ಹೆಚ್ಚುಕಡಿಮೆ ನಿಮ್ಮ ಓಟದ ಗೆರೆಯಲ್ಲೇ ಹಿಂದಿನಿಂದ ಬರುವುದರಿಂದ ಬಾಯಿಪಾಠದ ಉತ್ತರ ಇಲ್ಲ, ಗ್ಲೌಸ್ ಹೋದ ಕಡೆಯನ್ನು ಬಿಟ್ಟು ಜಾರಬೇಕು. ಮೂರನೇ ಬೇಸ್‌ನ ಹೊರಗೆ ನಿಂತ ನಿಮ್ಮ ಕೋಚ್ ಕೈ ತೋರಿಸಿದರೆ ಅದನ್ನೇ ನಂಬಿ. ಅವನಿಗೆ ಚೆಂಡೂ ಎದುರಾಳಿಯೂ ಒಟ್ಟಿಗೆ ಕಾಣುತ್ತಿರುತ್ತಾರೆ.

ಎಸೆತಕ್ಕೆ ಬೇಕೆಂದೇ ಅಡ್ಡ ಹೋಗಿ ಚೆಂಡು ಮೈಗೆ ತಾಗಿಸಿಕೊಳ್ಳುವುದನ್ನು ಕೆಲವರು ಜಾಣತನ ಎಂದುಕೊಂಡಿದ್ದಾರೆ. ಅದು ಉದ್ದೇಶಪೂರ್ವಕ ಎಂದು ಅಂಪೈರ್‌ಗೆ ಕಂಡರೆ ಔಟ್. ಅದಕ್ಕಿಂತ ಮುಖ್ಯವಾಗಿ, ಚೆಂಡು ತಲೆಯ ಹಿಂಭಾಗಕ್ಕೆ ಬೀಳಬಹುದು. ಮಾಡಬೇಡಿ.

## ಹಂತ 4. ಹುಕ್ ಸ್ಲೈಡ್

1880ರ ದಶಕದಲ್ಲಿ ಶಿಕಾಗೊ ತಂಡದಲ್ಲಿದ್ದ ಮೈಕ್ ಕೆಲಿ ಈ ವಿಧಾನಕ್ಕೆ ಹೆಸರಾದವನು. ಕಾಬ್ ಕಾಲದಲ್ಲಿ ಇದರ ಬೆಳೆದ ರೂಪಕ್ಕೆ ಫೇಡ್‌ಅವೇ ಎಂದರು. ಕೆಲಸ ಒಂದೇ: ದೇಹವನ್ನು ಬ್ಯಾಗ್‌ನಿಂದ ದೂರ ಒಯ್ದು, ಒಂದು ಕಾಲಿನ ಬೆರಳ ತುದಿಯನ್ನು ಮಾತ್ರ ಬ್ಯಾಗ್‌ಗೆ ಸಿಕ್ಕಿಸುವುದು. ಟ್ಯಾಗ್ ಮಾಡುವವನಿಗೆ ಎದೆ, ಸೊಂಟ, ತೊಡೆ ಯಾವುದೂ ಸಿಗಬಾರದು. ಬರೀ ಒಂದು ಶೂ ಸಿಗಬೇಕು.

ಬಲಕ್ಕೆ ಜಾರುವ ಕ್ರಮ ಹೀಗೆ. ಬ್ಯಾಗ್ ಅನ್ನು ನೇರವಾಗಿ ಗುರಿ ಇಡಬೇಡಿ, ಅದರ ಬಲಕ್ಕೆ ಸುಮಾರು ಎರಡು ಅಡಿ ಆಚೆಯ ಒಂದು ಬಿಂದು ನಿಮ್ಮ ಗುರಿ. 10 ಅಡಿ ಇರುವಾಗ ಎರಡೂ ಕಾಲು ಮುಂದಕ್ಕೆ ಬಿಟ್ಟು ಬಲ ಸೊಂಟದ ಮೇಲೆ ಇಳಿಯಿರಿ. ಮುಂಡ ಬಲಕ್ಕೂ ಹಿಂದಕ್ಕೂ ವಾಲಲಿ, ಬ್ಯಾಗ್‌ನಿಂದ ದೂರ ಮಲಗಿದಂತೆ. ಬಲಗಾಲು ಬ್ಯಾಗ್‌ನ ಪಕ್ಕದಿಂದ ದಾಟಿಹೋಗುತ್ತದೆ. ಅದರ ಪಾದ ನೆಲಕ್ಕೆ ಕಚ್ಚದಂತೆ ತುಸು ಎತ್ತಿರಬೇಕು. ಎಡಗಾಲಿನ ಮಂಡಿ ಬಗ್ಗಿರಲಿ, ಎಡ ಪಾದ ಹೊರಕ್ಕೆ ತಿರುಗಿರಲಿ. ದೇಹ ದಾಟುತ್ತಿರುವಾಗ ಎಡಗಾಲಿನ ಮುಂಭಾಗ ಬ್ಯಾಗ್‌ನ ಔಟ್‌ಫೀಲ್ಡ್ ಕಡೆಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ಕೂಡಲೇ ಮಂಡಿ ಬಿಗಿಹಿಡಿಯದೆ ಬಗ್ಗಲು ಬಿಡಿ. ಬಾಕಿ ಉಳಿದ ವೇಗವನ್ನು ನುಂಗುವುದು ಆ ಬಾಗುವಿಕೆಯೇ.

ಎಡಕ್ಕೆ ಜಾರುವಾಗ ಇದನ್ನೇ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ: ಎಡ ಸೊಂಟದ ಮೇಲೆ ಇಳಿಯುವುದು, ಬಲ ಪಾದ ಸಿಕ್ಕಿಸುವುದು. ಒಂದು ಬದಿ ಮಾತ್ರ ಕಲಿತವನನ್ನು ಎದುರಾಳಿ ಎರಡನೇ ಇನ್ನಿಂಗ್ಸ್ ಹೊತ್ತಿಗೆ ಪತ್ತೆ ಮಾಡಿಬಿಡುತ್ತಾನೆ. ಹಾಗಾಗಿ ಕಷ್ಟದ ಬದಿಗೆ ಎರಡರಷ್ಟು ಸಮಯ ಕೊಡಿ.

ಇಲ್ಲಿ ಆಗುವ ತಪ್ಪುಗಳು ಮೂರು ಬಗೆಯವು. ತುಂಬ ದೂರ ಹೋದರೆ ಕಾಲು ಬ್ಯಾಗ್‌ಗೆ ಎಟುಕುವುದೇ ಇಲ್ಲ. ಅಲ್ಲದೆ ಟ್ಯಾಗ್ ತಪ್ಪಿಸಲು ಓಟದ ಗೆರೆಯಿಂದ ಮೂರು ಅಡಿಗಿಂತ ಹೆಚ್ಚು ಹೊರಗೆ ಹೋದರೆ ಚೆಂಡು ತಾಗದಿದ್ದರೂ ಔಟ್. ದಾಟಿಹೋಗುವ ಕಾಲಿನ ಹಿಮ್ಮಡಿ ನೆಲಕ್ಕೆ ಕಚ್ಚಿದರೆ ಮಂಡಿ ತಿರುಚುತ್ತದೆ. ಈ ಸ್ಲೈಡ್‌ನಲ್ಲಿ ದೊಡ್ಡ ಪೆಟ್ಟು ಆಗುವುದು ಹೆಚ್ಚಾಗಿ ಹೀಗೆಯೇ. ಮೂರನೆಯದು, ಸಿಕ್ಕಿಸುವ ಕಾಲನ್ನು ಕೋಲಿನಂತೆ ಸೆಟೆದು ಇಡುವುದು. ಆಗ ಪಾದ ಬ್ಯಾಗ್‌ಗೆ ತಾಗಿ ಚಿಮ್ಮಿ ಕಳಚಿಕೊಳ್ಳುತ್ತದೆ, ನೀವು ಆಚೆ ಬಿದ್ದಿರುತ್ತೀರಿ, ಚೆಂಡು ಬೆನ್ನ ಮೇಲೆ ಬರುತ್ತದೆ.

ತಲೆ ಮುಂದಾಗಿ ಜಾರುವುದೂ ಆಗ ಇತ್ತು. 1890ರ ದಶಕದ ಬಿಲ್ಲಿ ಹ್ಯಾಮಿಲ್ಟನ್ ಅದಕ್ಕೆ ಹೆಸರುವಾಸಿ. ಕೈಬೆರಳು, ಕತ್ತು, ಮುಖ ಮೂರೂ ಎದುರಿನವನ ಶೂಗಳ ಮಟ್ಟಕ್ಕೆ ಬರುತ್ತವೆ. ಮೂರನೇ ಬೇಸ್‌ನಲ್ಲಿ ಎದುರಾಳಿ ಬ್ಯಾಗ್‌ನ ಎರಡೂ ಬದಿಗೆ ಕಾಲಿಟ್ಟು ನಿಂತಿರುವಾಗ ಇದರಿಂದ ಲಾಭ ಕಡಿಮೆ, ನಷ್ಟ ಹೆಚ್ಚು. ಈ ಮಾರ್ಗದರ್ಶಿಯಲ್ಲಿ ಅದನ್ನು ಕಲಿಸುವುದಿಲ್ಲ.

## ಹಂತ 5. ಬ್ಯಾಗ್ ಮುಟ್ಟಿದ ಮೇಲೆ

ಅಂಪೈರ್ ಸೇಫ್ ಎಂದ ಕೂಡಲೇ ಎದ್ದು ಬಟ್ಟೆ ಕೊಡವಬೇಡಿ. ಒಂದು ಪಾದ ಅಥವಾ ಒಂದು ಕೈ ಬ್ಯಾಗ್ ಮೇಲೆ ಇಟ್ಟುಕೊಂಡೇ ಏಳಿ. ಚೆಂಡು ಯಾರ ಕೈಯಲ್ಲಿದೆ ಎಂದು ಕಣ್ಣಾರೆ ನೋಡಿ. ಪಿಚರ್ ಚೆಂಡು ಹಿಡಿದು ತನ್ನ ಜಾಗದಲ್ಲಿ ನಿಂತಿದ್ದಾನೆ ಎಂದು ಖಚಿತವಾದ ಮೇಲೆಯೇ ಬ್ಯಾಗ್ ಬಿಡಿ.

1907ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಅಂತಿಮ ಸರಣಿ) ಎರಡನೇ ಪಂದ್ಯದಲ್ಲಿ ಡೆಟ್ರಾಯ್ಟ್‌ನ ಮೂರನೇ ಬೇಸ್‌ನ ಆಟಗಾರ ಬಿಲ್ ಕಾಫ್ಲಿನ್ ಚೆಂಡನ್ನು ಬಚ್ಚಿಟ್ಟುಕೊಂಡಿದ್ದು, ಶಿಕಾಗೊದ ಜಿಮ್ಮಿ ಸ್ಲೇಗಲ್ ಬ್ಯಾಗ್ ಬಿಟ್ಟಾಗ ಟ್ಯಾಗ್ ಮಾಡಿ ಔಟ್ ಮಾಡಿದ. ಅಷ್ಟು ದೊಡ್ಡ ಪಂದ್ಯದಲ್ಲಿ ಅಷ್ಟು ಅನುಭವಿಗೇ ಆದದ್ದು ಯಾರಿಗೂ ಆಗಬಹುದು.

ಜಾರಿದ ರಭಸಕ್ಕೆ ಬ್ಯಾಗ್ ಪಟ್ಟಿಯಿಂದ ಕಳಚಿ ಸರಿದುಹೋದರೆ ಗಾಬರಿ ಬೇಡ. ಅಷ್ಟರಲ್ಲಿ ನೀವು ಅದನ್ನು ಸುರಕ್ಷಿತವಾಗಿ ಮುಟ್ಟಿದ್ದರೆ ಆ ಆಟದಲ್ಲಿ ಆ ಬೇಸ್‌ಗೆ ಸಂಬಂಧಿಸಿ ನಿಮ್ಮನ್ನು ಔಟ್ ಮಾಡಲಾಗದು. ಬ್ಯಾಗ್ ಹಿಂದೆ ಓಡದೆ ಮೂಲ ಜಾಗದಲ್ಲೇ ನಿಲ್ಲಿ.

# ಭಾಗ ಎರಡು: ಚೆಂಡು ಹಿಡಿಯುವವನಿಗೆ

## ಹಂತ 6. ಟ್ಯಾಗ್ ಬೇಕೋ, ಬ್ಯಾಗ್ ಮುಟ್ಟಿದರೆ ಸಾಕೋ

ಪಿಚರ್ ಚೆಂಡು ಎಸೆಯುವ ಮುಂಚೆಯೇ ಇದನ್ನು ನಿಮಗೆ ನೀವೇ ಹೇಳಿಕೊಳ್ಳಿ. ಮೊದಲನೇ ಮತ್ತು ಎರಡನೇ ಬೇಸ್ ಎರಡರಲ್ಲೂ ಓಟಗಾರರಿದ್ದು ಚೆಂಡು ನೆಲಕ್ಕೆ ಹೊಡೆದರೆ, ಮೂರನೆಯದಕ್ಕೆ ಬರುವವನು ಬಲವಂತದಿಂದ, ಅಂದರೆ ಹಿಂದಿನವನಿಗೆ ಜಾಗ ಬಿಡಲೇಬೇಕಾಗಿ, ಬರುತ್ತಿರುತ್ತಾನೆ. ಆಗ ಚೆಂಡು ಹಿಡಿದು ಬ್ಯಾಗ್ ಮೇಲೆ ಕಾಲಿಟ್ಟರೆ ಸಾಕು. ಉಳಿದ ಸಂದರ್ಭಗಳಲ್ಲಿ ಟ್ಯಾಗ್ ಮಾಡಲೇಬೇಕು. ಓಟಗಾರ ಎರಡನೆಯದರಿಂದ ಕದ್ದು (ಚೆಂಡು ಹೊಡೆಯದಿದ್ದರೂ) ಓಡಿಬಂದಾಗ ಬ್ಯಾಗ್ ತುಳಿದು ಖುಷಿಪಡುವ ಹೊಸಬರು ಕಡಿಮೆಯಿಲ್ಲ.

ಒಂದು ಸೂಕ್ಷ್ಮವಿದೆ. ಬ್ಯಾಟು ಬೀಸಿದವನು ಅಥವಾ ಹಿಂದಿನ ಬೇಸ್‌ನ ಓಟಗಾರ ಅಷ್ಟರಲ್ಲಿ ಔಟಾಗಿದ್ದರೆ ಬಲವಂತ ಹೋಯಿತು, ಟ್ಯಾಗ್ ಮತ್ತೆ ಬೇಕು. ಅನುಮಾನವಿದ್ದರೆ ಟ್ಯಾಗ್ ಮಾಡಿಬಿಡಿ, ಅದರಿಂದ ನಷ್ಟವಿಲ್ಲ.

## ಹಂತ 7. ಕಾಲುಗಳ ಜಾಗ

ಬ್ಯಾಗ್‌ನ ಎರಡೂ ಬದಿಗೆ ಕಾಲಿಟ್ಟು ನಿಲ್ಲಿ: ಒಂದು ಪಾದ ಹೋಮ್ ಪ್ಲೇಟ್ ಕಡೆಗೆ, ಇನ್ನೊಂದು ಔಟ್‌ಫೀಲ್ಡ್ ಕಡೆಗೆ. ಎರಡೂ ಪಾದ ಬ್ಯಾಗ್‌ನ ಮುಂದಿನ ಅಂಚಿಗಿಂತ ತುಸು ಹಿಂದೆ ಇರಲಿ. ಮಂಡಿ ಚೆನ್ನಾಗಿ ಬಗ್ಗಿರಲಿ. ಎರಡನೇ ಬೇಸ್ ಎದುರಿಗಿನ ಅಂಚು ನಿಮ್ಮ ಕಾಲುಗಳ ನಡುವೆ ತೆರೆದಿರಬೇಕು. ಓಟಗಾರನಿಗೆ ಆ ಅಂಚು ಕಾಣಬೇಕು. ಕಂಡರೆ ಅವನು ಅಲ್ಲಿಗೇ ಜಾರುತ್ತಾನೆ, ಚೆಂಡನ್ನು ಅಲ್ಲಿಗೆ ತರುವುದು ನಿಮಗೆ ಸುಲಭ.

ಕಾಲು ಅಡ್ಡ ಇಟ್ಟು ದಾರಿ ಮುಚ್ಚುವುದು ಆಗಿನ ಕಾಲದಲ್ಲಿ ಇತ್ತು. 1890ರ ದಶಕದಲ್ಲಿ ಹೆಚ್ಚಿನ ಪಂದ್ಯಗಳಿಗೆ ಅಂಪೈರ್ ಒಬ್ಬನೇ, ಅವನು ಚೆಂಡಿನ ಹಿಂದೆ ನೋಡುತ್ತಿರುವಾಗ ಬಾಲ್ಟಿಮೋರ್‌ನ ಮೂರನೇ ಬೇಸ್‌ನ ಆಟಗಾರ ಜಾನ್ ಮೆಗ್ರಾ ಓಟಗಾರರ ಸೊಂಟಪಟ್ಟಿ ಹಿಡಿದು ತಡೆಯುತ್ತಿದ್ದ ಎಂಬ ಕಥೆಗಳು ಇಂದಿಗೂ ಓಡಾಡುತ್ತವೆ. ಆ ಭಾಗವನ್ನು ಅನುಸರಿಸಬೇಡಿ. ಕೈಯಲ್ಲಿ ಚೆಂಡಿಲ್ಲದೆ ದಾರಿ ಮುಚ್ಚಿದರೆ ಅಡ್ಡಿ ಮಾಡಿದಂತೆ, ಬೇಸ್ ಓಟಗಾರನಿಗೆ ಹೋಗುತ್ತದೆ. ಜೊತೆಗೆ ನಿಮ್ಮ ಮೊಣಕಾಲ ಕೆಳಗೆ ಅವನ ಪೂರ್ತಿ ಭಾರ ಬಂದು ಬೀಳುತ್ತದೆ.

## ಹಂತ 8. ಚೆಂಡು ಬರುವವರೆಗೆ ಕಾಯುವುದು

ಎಸೆತ ನೇರವಾಗಿದ್ದರೆ ಅದನ್ನು ಎದುರುಗೊಳ್ಳಲು ಮುಂದೆ ಹೋಗಬೇಡಿ. ಗಾಳಿಯಲ್ಲಿ ಬರುವ ಚೆಂಡು ಅದನ್ನು ಹಿಡಿದು ತರುವ ನಿಮ್ಮ ಕೈಗಿಂತ ವೇಗವಾಗಿ ಬರುತ್ತದೆ. ಎರಡು ಅಡಿ ಮುಂದೆ ಹೋಗಿ ಹಿಡಿದು ಮತ್ತೆ ಬ್ಯಾಗ್‌ಗೆ ಕೈ ತರುವಷ್ಟರಲ್ಲಿ ಓಟಗಾರ ಸೇರಿರುತ್ತಾನೆ. ಚೆಂಡನ್ನು ಬ್ಯಾಗ್‌ನ ಮೇಲೆಯೇ, ಆದಷ್ಟು ಮಂಡಿಯ ಮಟ್ಟದಲ್ಲಿ ಪಡೆಯಿರಿ. ಎಸೆಯುವವರಿಗೂ ಅದೇ ಎತ್ತರ ಹೇಳಿಕೊಡಿ. ಎದೆಯ ಎತ್ತರಕ್ಕೆ ಬಂದ ಎಸೆತ ಹಿಡಿಯಲು ಹಿತ, ಟ್ಯಾಗ್‌ಗೆ ತಡ.

ಸಣ್ಣ ಗ್ಲೌಸ್‌ನಲ್ಲಿ ಎರಡೂ ಕೈ ಬಳಸುವುದು ಕಡ್ಡಾಯ. ಗ್ಲೌಸ್ ಚೆಂಡನ್ನು ನಿಲ್ಲಿಸುತ್ತದೆ, ಬರಿಗೈ ಅದನ್ನು ಮುಚ್ಚಿ ಹಿಡಿಯುತ್ತದೆ. ಚೆಂಡು ತಾಗುವ ಕ್ಷಣದಲ್ಲಿ ಕೈಗಳನ್ನು ತುಸು ಹಿಂದಕ್ಕೆ, ಕೆಳಕ್ಕೆ ಬಿಡಿ. ಪೆಟ್ಟೂ ಕಡಿಮೆಯಾಗುತ್ತದೆ, ಕೈಯೂ ಬ್ಯಾಗ್ ಕಡೆಗೆ ಇಳಿದಿರುತ್ತದೆ. ಪೂರ್ತಿ ಬರಿಗೈಯ ಕಾಲದ ನಿಯಮವಾದರೆ ಬೆರಳ ತುದಿಗಳು ಎಂದೂ ಚೆಂಡಿನ ಎದುರಿಗೆ ಇರಬಾರದು. ಸೊಂಟಕ್ಕಿಂತ ಕೆಳಗಿನ ಚೆಂಡಿಗೆ ಬೆರಳು ನೆಲದ ಕಡೆ, ಮೇಲಿನದಕ್ಕೆ ಆಕಾಶದ ಕಡೆ.

## ಹಂತ 9. ಟ್ಯಾಗ್

ಚೆಂಡು ಸಿಕ್ಕ ಕೂಡಲೇ ಗ್ಲೌಸನ್ನು ಬ್ಯಾಗ್‌ನ ಮುಂದಿನ ಅಂಚಿನ ಎದುರು, ನೆಲದ ಮಟ್ಟಕ್ಕೆ ಇಳಿಸಿ. ಗ್ಲೌಸ್‌ನ ಹಿಂಭಾಗ ಓಟಗಾರನ ಕಡೆಗಿರಲಿ, ಚೆಂಡು ಬರಿಗೈಯ ಹಿಡಿತದಲ್ಲಿ ಅದರ ಒಳಗಿರಲಿ. ಶೂ ಬಂದು ತಾಗುವುದು ಚರ್ಮಕ್ಕೆ, ನಿಮ್ಮ ಬೆರಳಿಗಲ್ಲ. ಆಮೇಲೆ ಕಾಯಿರಿ. ಓಟಗಾರ ತಾನಾಗಿ ಬಂದು ಚೆಂಡಿಗೆ ತಾಗಲಿ.

ಈ ಕಾಯುವಿಕೆಯೇ ಕಲಿಯಲು ಕಷ್ಟ. ಕೈಯಲ್ಲಿ ಚೆಂಡಿದ್ದಾಗ ಓಟಗಾರನ ಎದೆಗೋ ಭುಜಕ್ಕೋ ಅದನ್ನು ಒತ್ತಿಬಿಡುವ ಆತುರ ಹುಟ್ಟುತ್ತದೆ. ಆದರೆ ಅವನ ದೇಹದಲ್ಲಿ ಬ್ಯಾಗ್‌ಗೆ ಮೊದಲು ಬರುವುದು ಪಾದ. ಎದೆಗೆ ಟ್ಯಾಗ್ ಮಾಡುವಷ್ಟರಲ್ಲಿ ಪಾದ ಮುಟ್ಟಿ ಆಗಿರುತ್ತದೆ.

1909ರ ಆಗಸ್ಟ್ 24ರಂದು ಡೆಟ್ರಾಯ್ಟ್‌ನಲ್ಲಿ ಟೈ ಕಾಬ್ ಮೂರನೇ ಬೇಸ್‌ಗೆ ಜಾರಿದಾಗ ಫಿಲಡೆಲ್ಫಿಯಾದ ಫ್ರಾಂಕ್ ಬೇಕರ್‌ನ ಮುಂದೋಳಿಗೆ ಸ್ಪೈಕ್ ತಾಗಿ ಗಾಯವಾಯಿತು. ಕಾಬ್ ಬೇಕೆಂದೇ ತುಳಿದ ಎಂದು ದೊಡ್ಡ ಗಲಾಟೆ ಎದ್ದಿತು, ಅಮೆರಿಕನ್ ಲೀಗ್‌ನ ಅಧ್ಯಕ್ಷ ಬ್ಯಾನ್ ಜಾನ್ಸನ್ ಎಚ್ಚರಿಕೆಯನ್ನೂ ಕೊಟ್ಟರು. ಆ ಕ್ಷಣದ ಛಾಯಾಚಿತ್ರ ಹೊರಬಂದಾಗ ಕಂಡದ್ದು ಬೇರೆ: ಕಾಬ್ ಬೇಕರ್‌ನಿಂದ ದೂರ ಜಾರುತ್ತಾ ಪಾದದಿಂದ ಬ್ಯಾಗ್ ಹಿಡಿಯಲು ನೋಡುತ್ತಿದ್ದ, ಬೇಕರ್ ಬ್ಯಾಗ್‌ನ ಮೇಲಿನಿಂದ ಅಡ್ಡ ಬಾಗಿ ಟ್ಯಾಗ್‌ಗೆ ಕೈಚಾಚಿದ್ದ. ತಪ್ಪು ಯಾರದೆಂದು ಇಂದಿಗೂ ವಾದಿಸುವವರಿದ್ದಾರೆ. ಟ್ಯಾಗ್ ಕಲಿಯುವವರಿಗೆ ಆ ಚಿತ್ರದಲ್ಲಿ ಉತ್ತರ ಸ್ಪಷ್ಟವಾಗಿದೆ: ಜಾರಿಬರುವ ಕಾಲಿನ ಹಾದಿಗೆ ಅಡ್ಡವಾಗಿ ತೋಳು ಚಾಚಬಾರದು. ಹುಕ್ ಸ್ಲೈಡ್ ಹುಟ್ಟಿದ್ದೇ ನಿಮ್ಮನ್ನು ಹಾಗೆ ಚಾಚುವಂತೆ ಮಾಡಲು.

ಹುಕ್ ಸ್ಲೈಡ್ ಮಾಡುವವನು ಎದುರಾದರೆ ದೇಹದ ಹಿಂದೆ ಹೋಗಬೇಡಿ. ಅವನು ಎಷ್ಟೇ ದೂರ ಮಲಗಿದರೂ ಒಂದು ಪಾದ ಬ್ಯಾಗ್‌ನ ಯಾವುದೋ ಮೂಲೆಗೆ ಬರಲೇಬೇಕು. ಗ್ಲೌಸನ್ನು ನೆಲಕ್ಕೆ ತಾಗಿಸಿಕೊಂಡೇ ಆ ಮೂಲೆಗೆ ಸರಿಸಿ. ಐದಾರು ಇಂಚಿನ ಚಲನೆ ಅದು.

## ಹಂತ 10. ತಾಗಿದ ಮೇಲೆ, ಎಸೆತ ಕೆಟ್ಟಾಗ

ಚೆಂಡು ತಾಗಿದ ಮೇಲೂ ಕೈಯಲ್ಲಿ ಉಳಿಯಬೇಕು. ತಾಗಿ ಬಿದ್ದರೆ ಔಟ್ ಇಲ್ಲ. ಶೂ ಬಡಿಯುವ ದಿಕ್ಕಿಗೇ ಕೈಯನ್ನು ತುಸು ಹಿಂದೆಗೆಯಿರಿ, ಎದುರು ಒತ್ತಬೇಡಿ. ಒದೆತದಿಂದ ಚೆಂಡು ಹಾರುವುದು ಕೈ ಸೆಟೆದಾಗ.

ಓಟಗಾರ ಬ್ಯಾಗ್ ಮೊದಲು ಮುಟ್ಟಿದ ಎಂದು ನಿಮಗೇ ಅನಿಸಿದರೂ ಗ್ಲೌಸ್ ತೆಗೆಯಬೇಡಿ. ಅಂಪೈರ್ ಕೂಗುವವರೆಗೆ, ಕೂಗಿದ ಮೇಲೂ ಒಂದು ಉಸಿರಿನಷ್ಟು ಹೊತ್ತು, ಅವನ ಕಾಲಿಗೆ ತಾಗಿಸಿಯೇ ಇರಿ. ದಾಟಿಹೋಗುವವರು, ಏಳುವಾಗ ಪಾದ ಎತ್ತುವವರು ನೀವೆಣಿಸಿದ್ದಕ್ಕಿಂತ ಹೆಚ್ಚು.

ಎಸೆತ ಹೋಮ್ ಕಡೆಗೆ ವಾಲಿ ಬಂದರೆ ಹಿಡಿದ ಕೈಯನ್ನು ಒಂದೇ ಬೀಸಿನಲ್ಲಿ ಬ್ಯಾಗ್‌ನ ಮುಂದಿನ ಅಂಚಿನುದ್ದಕ್ಕೂ ತಂದು ಕಾಲಿಗೆ ತಾಗಿಸಿ ಆಚೆ ಒಯ್ಯಿರಿ. ನಿಲ್ಲಿಸಿ ಒತ್ತಲು ಸಮಯವಿರುವುದಿಲ್ಲ. ಎಸೆತ ತೀರಾ ಕೆಟ್ಟಿದ್ದರೆ ಟ್ಯಾಗ್ ಆಸೆ ಬಿಟ್ಟು ಬ್ಯಾಗ್ ಬಿಟ್ಟುಹೋಗಿ ಚೆಂಡನ್ನು ತಡೆಯಿರಿ. ಮೂರನೇ ಬೇಸ್ ದಾಟಿಹೋದ ಚೆಂಡು ಎಂದರೆ ಎದುರಾಳಿಗೆ ಒಂದು ರನ್.

## ಅಭ್ಯಾಸ ನಿಲ್ಲಿಸಬೇಕಾದ ಗುರುತುಗಳು

ಇಳಿಯುವಾಗ ಮೊದಲು ಮಂಡಿ ತಾಗುತ್ತಿದ್ದರೆ, ಮುಷ್ಟಿ ಬಿಚ್ಚಿಕೊಳ್ಳುತ್ತಿದ್ದರೆ, ಸುಣ್ಣದ ಗೆರೆ ದಾಟಿದ ಮೇಲೆ ಇಳಿಯುತ್ತಿದ್ದರೆ ಮೈ ದಣಿದಿದೆ ಎಂದರ್ಥ. ಅಂದಿಗೆ ಸಾಕು. ಪಾದದ ಗಂಟು ಅಥವಾ ಮಂಡಿ ಊದಿಕೊಂಡರೆ, ಕಾಲೂರಲು ಆಗದಿದ್ದರೆ, ಮಣಿಕಟ್ಟಿನ ನೋವು ಮರುದಿನಕ್ಕೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ತಲೆ ಬಡಿದು ಮಂಕು ಕವಿದವರನ್ನು ಆ ದಿನ ಮತ್ತೆ ಮೈದಾನಕ್ಕೆ ಇಳಿಸಲೇಬೇಡಿ. ತರಚಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆದು ಬಟ್ಟೆ ಕಟ್ಟಿ. ಮಣ್ಣು ಹೊಕ್ಕ ಗಾಯಕ್ಕೆ ಟೆಟನಸ್ ಚುಚ್ಚುಮದ್ದಿನ ವಿಚಾರ ಕೇಳಿ.

## ಹಂತ 11. ಇಬ್ಬರೂ ಸೇರಿ

ಮೇಲಿನದೆಲ್ಲ ಬೇರೆ ಬೇರೆಯಾಗಿ ಬಂದ ಮೇಲೆ ಮೂವರು ಸೇರಿ. ಒಬ್ಬ ಎರಡನೇ ಬೇಸ್‌ನಿಂದ ಮೂರನೆಯದರತ್ತ ಓಡಲಿ, ಒಬ್ಬ ಟ್ಯಾಗ್ ಮಾಡಲಿ, ಮೂರನೆಯವನು ಚೆಂಡು ಎಸೆಯಲಿ. ಮೊದಲ ಸುತ್ತಿನಲ್ಲಿ ಮೃದುವಾದ ರಬ್ಬರ್ ಚೆಂಡು, ಕಾಲುಚೀಲದ ಓಟಗಾರ, ಸಡಿಲ ಬ್ಯಾಗ್. ಎಸೆಯುವವನು ಹತ್ತು ಸಲ ಹೋಮ್ ಕಡೆಯಿಂದ, ಹತ್ತು ಸಲ ಲೆಫ್ಟ್ ಫೀಲ್ಡ್ ಕಡೆಯಿಂದ ಎಸೆಯಲಿ, ದಿಕ್ಕನ್ನು ಓಟಗಾರನಿಗೆ ಮುಂಚೆಯೇ ಹೇಳಲಿ. ಎರಡನೇ ಸುತ್ತಿನಲ್ಲಿ ಹೇಳದೆ ಎಸೆಯಲಿ. ಓಟಗಾರ ಎದುರಿನವನ ಪಾದ ಮತ್ತು ಗ್ಲೌಸ್ ನೋಡಿಯೇ ಬದಿ ಆರಿಸಬೇಕು. ಬದಿ ತಪ್ಪಾಗಿದ್ದರೆ ಸೇಫ್ ಆಗಿದ್ದರೂ ಆ ಸಲವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಟ್ಯಾಗ್ ಮಾಡುವವನ ಗ್ಲೌಸ್ ನೆಲ ಬಿಟ್ಟು ಮೇಲೆದ್ದಿದ್ದರೆ ಔಟ್ ಆಗಿದ್ದರೂ ಹಾಗೆಯೇ.

ಆಟದ ನಿಜವಾದ ಚೆಂಡನ್ನೂ ಶೂಗಳನ್ನೂ ತರುವುದು ಎರಡನೇ ಸುತ್ತು ಎರಡೂ ಬದಿಗೆ ಸರಿಬಂದ ಮೇಲೆ. ಆ ದಿನ ನೆಲಕ್ಕೆ ಮತ್ತೆ ನೀರು ಹಾಯಿಸಿ, ಓಟವನ್ನು ಮತ್ತೆ ಅರ್ಧ ವೇಗದಿಂದಲೇ ಶುರು ಮಾಡಿ.